ಹದಿನಾಲ್ಕು ಸಾಲಿನ ಪಟ್ಟಿ: ಕೋಲಾರದ ಒಬ್ಬ ಬಾಣಂತಿಯ ಪ್ರಕರಣ

ಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತಾಗಿತ್ತು. ಬಿಳಿ ಗೌನು ಹೊಲಿಸಿ ಆಗಿತ್ತು, ಬೆಂಗಳೂರಿನ ಸೋದರಮಾವನಿಗೆ ಫೋನು ಹೋಗಿತ್ತು, ಊಟಕ್ಕೆ ಎಷ್ಟು ಜನ ಅನ್ನುವ ಲೆಕ್ಕವೂ ನಡೆದಿತ್ತು. ಇನ್ನು 9 ದಿನ ಇರುವಾಗ ತಾಯಿ ಬೇಡ ಅಂದಳು. ಯಾಕೆ ಅಂದರೆ ಗೋಡೆ ಕಡೆ ತಿರುಗಿ ಮಲಗಿದಳು. ಗಂಡ ಬಿಡದೆ ಕೇಳಿದಾಗ ಬಂದದ್ದು ಒಂದೇ ಮಾತು: "ನಾನು ಅಲ್ಲಿ ನಿಂತು ಮಾತು ಕೊಡೋಕಾಗಲ್ಲ."

ನಮ್ಮ ಕ್ರೈಸ್ತ ಸಭೆಗಳಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ತಂದೆತಾಯಿ ಎಲ್ಲರ ಮುಂದೆ ನಿಂತು, ಈ ಮಗುವನ್ನು ದೇವರ ಭಯಭಕ್ತಿಯಲ್ಲಿ ಬೆಳೆಸುತ್ತೇವೆ ಎಂದು ವಾಗ್ದಾನ ಮಾಡಬೇಕು. ಅವಳಿಗೆ ಅಡ್ಡ ಬಂದದ್ದು ಆ ವಾಗ್ದಾನ. ಗಂಡನಿಗೆ ಅದು ಹಟವಾಗಿ ಕಂಡಿತು, ಅತ್ತೆಗೆ ಅವಮಾನವಾಗಿ. ತವರೂರಿನ ಆಶಾ ಕಾರ್ಯಕರ್ತೆಗೆ ಮಾತ್ರ ಇದರಲ್ಲಿ ಬೇರೇನೋ ಇದೆ ಅನ್ನಿಸಿತು. ಅವಳು ನನಗೆ ಫೋನ್ ಮಾಡಿದಳು.

ನಾನು 22 ವರ್ಷ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿದ್ದವಳು. ಈಗ ಕೋಲಾರದ ಸುತ್ತಮುತ್ತ ಬಾಣಂತಿಯರ ಮನೆಗೆ ಹೋಗಿ ಆಪ್ತಸಮಾಲೋಚನೆ ಮಾಡುತ್ತೇನೆ. ಇದನ್ನು ಬರೆಯಲು ಆ ತಾಯಿ, ಅವಳ ಗಂಡ, ಅವಳ ಅಮ್ಮ ಮೂವರೂ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಹಾಕಿಲ್ಲ. ಸಭೆಯಲ್ಲಿ ನಾವು ಕರೆಯುವ ಹಾಗೆ ಇಲ್ಲಿಯೂ ಅವಳನ್ನು ತಂಗಿ ಅಂತಲೇ ಕರೆಯುತ್ತೇನೆ. ಬರೆಯುವುದಕ್ಕೆ ಕಾರಣವಿದೆ. ವಿಶ್ವಾಸಿಗಳ ಮನೆಯಲ್ಲಿ ಬಾಣಂತಿಯ ಅಳು ಬಹಳ ಬೇಗ ಪಾಪದ ಮಾತಾಗಿಬಿಡುತ್ತದೆ. ಆ ಮಾತು ಎಲ್ಲಿ ಸರಿ, ಎಲ್ಲಿ ಸರಿಯಲ್ಲ ಎಂದು ಕೂತು ಬಿಡಿಸಿ ನೋಡಿದ್ದು ನನ್ನ ಅನುಭವದಲ್ಲಿ ಇದೇ ಮೊದಲು.

ಹೆರಿಗೆಯಿಂದ ಏಳನೇ ವಾರದವರೆಗೆ

ತಂಗಿಗೆ 27 ವರ್ಷ. ಬಿ.ಕಾಂ. ಓದಿದವಳು, ಮದುವೆಗೆ ಮುಂಚೆ ಒಂದು ಶಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಗಂಡನಿಗೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಗಂಡನ ಮನೆ ಕೋಲಾರ ಪಟ್ಟಣದಲ್ಲಿ, ತವರು ವೇಮಗಲ್ ಕಡೆಯ ಒಂದು ಹಳ್ಳಿ. ಅಪ್ಪನಿಗೆ ಎರಡು ಸೀಮೆಹಸು, ಒಂದಿಷ್ಟು ರಾಗಿ, ಟೊಮೆಟೊ. ಎರಡೂ ಕಡೆಯವರು ತಾತಂದಿರ ಕಾಲದಿಂದ ಕ್ರೈಸ್ತರು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪದ ಮನೆಗಳು.

ನೋವು ಶುರುವಾಗಿ 16 ಗಂಟೆಯಾದರೂ ಮಗು ಇಳಿಯಲಿಲ್ಲ. ಮಗುವಿನ ಎದೆಬಡಿತ ಕಡಿಮೆಯಾಗುತ್ತಾ ಬಂತು, ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 2.6 ಕೆ.ಜಿ. ಮೂರನೇ ದಿನ ಕಾಮಾಲೆ ಏರಿದ್ದರಿಂದ ಎರಡು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು. ಆ ಎರಡು ದಿನ ಮಗು ಒಂದು ಕಡೆ, ತಾಯಿ ಒಂದು ಕಡೆ. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಎಷ್ಟೋ ಸಲ ತಡವಾಗುತ್ತದೆ. ಮಗು ಬಾಯಿ ಹಾಕದೆ ಇದ್ದರೆ ಇನ್ನೂ ತಡ. ಡಬ್ಬಿ ಹಾಲು ಶುರುವಾಯಿತು. ವಾರ್ಡಿನಲ್ಲಿ ಯಾರೋ ಒಬ್ಬರು "ಇಷ್ಟು ಓದಿದೀಯ, ಮಗೂಗೆ ಹಾಲು ಕೊಡೋಕೆ ಬರಲ್ವಾ" ಅಂದರು. ನರ್ಸ್ ಆಗಿದ್ದವಳಾಗಿ ಹೇಳುತ್ತೇನೆ, ಇಂಥ ಮಾತನ್ನು ನಾವು ಆಡಿ ಮರೆತುಬಿಡುತ್ತೇವೆ. ಕೇಳಿಸಿಕೊಂಡವಳು ಅದನ್ನು ಮನೆಗೆ ತೆಗೆದುಕೊಂಡು ಹೋಗುತ್ತಾಳೆ.

ಇನ್ನೊಂದು ಮಾತು ಬಂದದ್ದು ಪ್ರೀತಿಯಿಂದಲೇ. ಆಸ್ಪತ್ರೆಗೆ ನೋಡಲು ಬಂದ ಸಭೆಯ ಹಿರಿಯ ತಾಯಿಯೊಬ್ಬರು "ನಾವೆಲ್ಲ ನಾರ್ಮಲ್ ಆಗ್ಲಿ ಅಂತ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ವಮ್ಮ, ಏನೋ, ದೇವರ ಚಿತ್ತ" ಅಂದು ಕೈ ಹಿಡಿದುಕೊಂಡರು. ನಮ್ಮ ಸ್ತ್ರೀಯರ ಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ: ಡಾಕ್ಟರು ಆಪರೇಷನ್ ಅಂದಿದ್ದರು, ಪ್ರಾರ್ಥನೆ ಮಾಡಿದೆವು, ನಾರ್ಮಲ್ ಆಯಿತು, ಸ್ತೋತ್ರ. ಇದನ್ನು ನಾನೂ ಎಷ್ಟೋ ಸಲ ಕೇಳಿ ಆಮೆನ್ ಅಂದಿದ್ದೇನೆ. ಅದೇ ಕೂಟದಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಕೂತವಳಿಗೆ ಆ ಸಾಕ್ಷಿ ಏನು ಹೇಳುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ತವರಿಗೆ ಬಂದ ಮೇಲೆ ಹಾಲಿನ ಕೊರಗು ಹೆಚ್ಚಾಯಿತು. ಆ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಒಂದು ಸಲ, ಸಂಜೆ ಒಂದು ಸಲ ಹಸು ಕರೆಯುತ್ತಾರೆ. ಅಪ್ಪ ಕ್ಯಾನು ಹಿಡಿದು ಡೈರಿಗೆ ಹೋಗುತ್ತಾರೆ, ಬಂದು ಪಾಸ್‌ಬುಕ್ಕನ್ನು ಮೊಳೆಗೆ ನೇತುಹಾಕುತ್ತಾರೆ. ದಿನಾಂಕ, ಲೀಟರು, ಫ್ಯಾಟು, ದುಡ್ಡು. "ಮೂಕ ಪ್ರಾಣಿ ಎರಡು ಹೊತ್ತೂ ತಪ್ಪದೆ ಕೊಡುತ್ತೆ ಅಕ್ಕಾ, ನಾನು ಮನುಷ್ಯಳು, ಅರ್ಧ ಒಳಲೆ ಕೊಡೋಕಾಗಲಿಲ್ಲ" ಅಂದಳು ಒಂದು ದಿನ. ಒಳಲೆಯಲ್ಲಿ ಡಬ್ಬಿ ಹಾಲು ಕುಡಿಸುವಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅತ್ತೆ ಫೋನ್ ಮಾಡಿದರೆ "ನನ್ನ ಹಾಲೇ ಸಾಕಾಗ್ತಿದೆ" ಅನ್ನುತ್ತಿದ್ದಳು.

ಹೆರಿಗೆಯಾದ ಎರಡು ಮೂರನೇ ದಿನದಿಂದ ಅಳು ಬರುವುದು ಬಹುಪಾಲು ತಾಯಂದಿರಲ್ಲಿ ಇದ್ದದ್ದೇ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ತಂಗಿಯದು ಇಳಿಯಲಿಲ್ಲ. ಆಶಾ ಕಾರ್ಯಕರ್ತೆ 7, 14, 21, 28, 42ನೇ ದಿನ ಬಂದಳು. ಬಂದಾಗಲೆಲ್ಲ ಮಗುವನ್ನು ಜೋಳಿಗೆಯಲ್ಲಿ ಇಟ್ಟು ತೂಗಿದಳು, ಜ್ವರ ನೋಡಿದಳು, ಹೊಕ್ಕುಳು ನೋಡಿದಳು. ಎರಡನೇ ವಾರ ಹಿಂದೆ ಬಿದ್ದಿದ್ದ ತೂಕ ನಾಲ್ಕನೇ ವಾರಕ್ಕೆ ಚೆನ್ನಾಗಿ ಏರಿತ್ತು. ಅವಳ ಪ್ರಶ್ನೆಗಳೆಲ್ಲ ಮುಗಿದವು, ಎಲ್ಲಕ್ಕೂ ಸರಿಯಾದ ಉತ್ತರ ಬಂತು. 42ನೇ ದಿನ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ "ನೀನು ಹೆಂಗಿದೀಯಮ್ಮ" ಅಂದಳಂತೆ, ಬಾಯಿಮಾತಿಗೆ. ತಂಗಿ ನಿಂತಲ್ಲೇ ಅತ್ತಳು.

ನನ್ನ ಮೊದಲ ಭೇಟಿ, ನನ್ನ ತಪ್ಪು

ಏಳನೇ ವಾರದ ಒಂದು ಮಂಗಳವಾರ ಹೋದೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಒಳಕೋಣೆಯಲ್ಲಿ ಸಾಂಬ್ರಾಣಿ ಹೊಗೆಯ ವಾಸನೆ. ಮಗು ಅಜ್ಜಿಯ ತೊಡೆಯ ಮೇಲೆ. ನಾನು ಮಾತಾಡಿಸಿದರೆ ತಂಗಿ ಉತ್ತರ ಕೊಡುವಳು, ಆದರೆ ಒಂದೊಂದು ಪದವೂ ದೂರದಿಂದ ಹೊತ್ತು ತಂದ ಹಾಗೆ. ಮಗು ಮಲಗಿದಾಗಲೂ ತನಗೆ ನಿದ್ದೆ ಇಲ್ಲ ಅಂದಳು. ಶುಕ್ರವಾರ ಉಪವಾಸ ಇರುತ್ತಿದ್ದೇನೆ ಅಂದಳು. ಹಾಲೂಡಿಸುವ ತಾಯಿ, ಅದೂ ರಕ್ತ ಕಡಿಮೆ ಇರುವವಳು, ಪ್ರಾಯಶ್ಚಿತ್ತಕ್ಕೆ ಊಟ ಬಿಡುತ್ತಿದ್ದಾಳೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಕ್ತಿ ಎಂದು ತಿಳಿದು ಅಮ್ಮ ಸುಮ್ಮನಿದ್ದರು.

ಆವತ್ತು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕೈ ಹಿಡಿದುಕೊಂಡೆ, ಸತ್ಯವೇದದಿಂದ ಸಮಾಧಾನದ ನಾಲ್ಕು ಮಾತು ಹೇಳಿದೆ, ಚಿಂತೆ ಮಾಡಬೇಡ, ಎಲ್ಲವನ್ನೂ ಕರ್ತನ ಮೇಲೆ ಹಾಕು ಅಂದೆ, ಪ್ರಾರ್ಥನೆ ಮಾಡಿ ಬಂದೆ.

ಎರಡನೇ ಸಲ ಹೋದಾಗ ಅವಳು ದಿಂಬಿನ ಕೆಳಗಿಂದ ಒಂದು ಹಳೇ ಡೈರಿ ಪಾಸ್‌ಬುಕ್ ತೆಗೆದಳು. ಮುಂದಿನ ಪುಟಗಳಲ್ಲಿ ಲೀಟರು, ಫ್ಯಾಟು. ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ, ಲೆಕ್ಕ ಬರೆಯುವವಳ ಅಚ್ಚುಕಟ್ಟಾದ ಅಕ್ಷರದಲ್ಲಿ, ನಂಬರು ಹಾಕಿದ ಪಟ್ಟಿ. ಅವಳ ಪಾಪಗಳ ಪಟ್ಟಿ. ನೋವು ಬಂದಾಗ ಪ್ರಾರ್ಥನೆ ಬಿಟ್ಟು ಕಿರುಚಿದೆ. ನಾರ್ಮಲ್ ಆಗಲಿಲ್ಲ. ಮಗೂನ ಮೊದಲು ತೋರಿಸಿದಾಗ ಸ್ತೋತ್ರ ಹೇಳಲಿಲ್ಲ, ಏನೂ ಅನ್ನಿಸಲಿಲ್ಲ. ಹಾಲಿಲ್ಲ. ಅಮ್ಮನಿಗೆ ಕೆಟ್ಟದಾಗಿ ಬೈದೆ. ಅತ್ತೆಗೆ ಸುಳ್ಳು. ಆರು ಭಾನುವಾರ ಸಭೆಗೆ ಹೋಗಿಲ್ಲ. ವೇದ ಓದುವಾಗ ನಿದ್ದೆ. ಹನ್ನೊಂದನೆಯದರ ಎದುರು ಒಂದೇ ಪದ ಇತ್ತು: ಸಂಪು.

ಹದಿನಾಲ್ಕನೆಯದು ಹೊಸದಾಗಿ ಬರೆದದ್ದು. "ಅಕ್ಕ ವಾಕ್ಯ ಹೇಳಿದರೂ ಸಮಾಧಾನ ಬರಲಿಲ್ಲ. ಅವಿಶ್ವಾಸ."

ಅದನ್ನು ಓದಿ ನನಗೆ ಮುಖ ಎತ್ತಲಾಗಲಿಲ್ಲ. ಸಮಾಧಾನಕ್ಕೆಂದು ನಾನು ಕೊಟ್ಟದ್ದನ್ನು ಅವಳು ಹೊರೆಗೆ ಸೇರಿಸಿಕೊಂಡಿದ್ದಳು. ಚಿಂತೆ ಮಾಡಬೇಡ ಎಂಬ ಮಾತು, ಚಿಂತೆ ನಿಲ್ಲಿಸಲು ಆಗದವಳ ಕಿವಿಗೆ ಆಜ್ಞೆಯಾಗಿ ಬೀಳುತ್ತದೆ. ಮೀರಿದರೆ ಅದೂ ಒಂದು ಪಾಪ. ಅವಳು ದಿನಾ ರಾತ್ರಿ ಈ ಪಟ್ಟಿ ಇಟ್ಟುಕೊಂಡು ಒಂದನೆಯದರಿಂದ ಕ್ಷಮೆ ಕೇಳುತ್ತಿದ್ದಳು. ಕ್ಷಮೆ ಸಿಕ್ಕಿತು ಅನ್ನುವ ನೆಮ್ಮದಿ ಬರುತ್ತಿರಲಿಲ್ಲ. ಬರದೇ ಇದ್ದುದಕ್ಕೆ ಮತ್ತೆ ಕ್ಷಮೆ.

ಕೋಲಾರದ ಕಡೆ ನಾವು ಕೂಸನ್ನು ಪಾಪ ಅಂತಲೇ ಕರೆಯುತ್ತೇವೆ, ತೆಲುಗಿನ ನೆರಳು. "ಪಾಪಂಗೆ ಹಾಲು", "ಪಾಪ ಮಲಗಿದೆ". ಅವಳ ಬಾಯಲ್ಲಿ ಆ ಪದ ಗಂಟೆಗೆ ಹತ್ತು ಸಲ ಬರುತ್ತಿತ್ತು. ಕೆಲವು ಸಲ ಅವಳು ಮಗುವಿನ ಬಗ್ಗೆ ಹೇಳುತ್ತಿದ್ದಾಳೋ ಪಟ್ಟಿಯ ಬಗ್ಗೆಯೋ ಎಂದು ನನಗೆ ತಿಳಿಯುತ್ತಿರಲಿಲ್ಲ.

ಸಂಪು

ಹನ್ನೊಂದನೆಯದನ್ನು ಕೇಳಲು ಧೈರ್ಯ ಬೇಕಾಯಿತು. ಅಮ್ಮನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ನೇರವಾಗಿ ಕೇಳಿದೆ. ಬಹಳ ಹೊತ್ತಾದ ಮೇಲೆ ಹೇಳಿದಳು. ಅಂಗಳದಲ್ಲಿ ನೀರಿನ ಸಂಪು ಇದೆ, ಮೇಲೆ ತಗಡಿನ ಮುಚ್ಚಳ. ಮಗುವನ್ನು ಎತ್ತಿಕೊಂಡು ಅದರ ಪಕ್ಕ ಹೋದರೆ, ಇದರೊಳಗೆ ಹಾಕಿಬಿಟ್ಟರೆ ಅನ್ನುವ ಯೋಚನೆ ಥಟ್ಟನೆ ಬರುತ್ತದೆ. ಕಣ್ಣಿಗೆ ಕಂಡ ಹಾಗೆ ಬರುತ್ತದೆ. ಬಂದ ಕೂಡಲೇ ಮೈಯೆಲ್ಲ ಬೆವರಿ ಒಳಗೆ ಓಡಿಬರುತ್ತಾಳೆ. ಮೂರು ವಾರದಿಂದ ಮಗುವನ್ನು ಎತ್ತಿಕೊಂಡು ಹೊಸಲು ದಾಟಿಲ್ಲ.

"ಮನಸ್ಸಲ್ಲಿ ಮಾಡಿದ್ರೂ ಮಾಡಿದ ಹಂಗೇ ಅಂತ ಸ್ವಾಮಿನೇ ಹೇಳಿದಾರಲ್ಲಾ ಅಕ್ಕಾ. ಹಂಗಾದ್ರೆ ನಾನು ಪಾಪನ್ನ ಕೊಂದಾಗಿದೆ."

ಕ್ರೈಸ್ತ ತಾಯಿಯ ಅಪರಾಧ ಭಾವ ಬೇರೆಯವರದಕ್ಕಿಂತ ಎಲ್ಲಿ ಬೇರೆ ಅನ್ನುವುದು ನನಗೆ ಈ ಮಾತಿನಿಂದ ತಿಳಿಯಿತು. ಯೇಸು ಸ್ವಾಮಿಯ ಪರ್ವತ ಪ್ರಸಂಗದಲ್ಲಿ ಕೋಪವನ್ನೂ ಕೆಟ್ಟ ನೋಟವನ್ನೂ ಹೃದಯದೊಳಗೇ ತೂಗುವ ಮಾತುಗಳಿವೆ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಅದನ್ನು ಕಲಿತವಳಿಗೆ, ಕರೆಯದೆ ಬಂದ ಯೋಚನೆಗೂ ತಾನು ಸಾಕಿಕೊಂಡ ಆಸೆಗೂ ನಡುವೆ ಗೆರೆ ಕಾಣದೆ ಹೋಗುತ್ತದೆ. ಆ ಪ್ರಸಂಗ ಹೇಳುತ್ತಿರುವುದು ಮನುಷ್ಯ ಬಾ ಎಂದು ಕೂರಿಸಿಕೊಂಡು ಉಪಚರಿಸುವ ದ್ವೇಷದ, ಆಸೆಯ ಬಗ್ಗೆ. ತಂಗಿಯ ಯೋಚನೆ ಅಂಥದ್ದಲ್ಲ. ಅದು ಬಂದರೆ ಅವಳು ಓಡುತ್ತಿದ್ದಳು. ಇಂಥ ಬೇಡದ ಯೋಚನೆ ಬಹಳಷ್ಟು ಹೊಸ ತಾಯಂದಿರಿಗೆ ಬರುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ. ಕೂಸನ್ನು ಕಾಯಲೆಂದು ಸದಾ ಎಚ್ಚರವಾಗಿರುವ ಮನಸ್ಸು ಎಲ್ಲಿ ಏನಾದೀತು ಎಂದು ತಾನೇ ಕಲ್ಪಿಸಿಕೊಂಡು ತಾನೇ ಹೆದರುತ್ತದೆ.

ಹಾಗೆಂದು ನಾನೊಬ್ಬಳೇ ತೀರ್ಮಾನ ಮಾಡುವ ವಿಷಯವಲ್ಲ ಇದು. ಸಾವಿರ ಹೆರಿಗೆಗೆ ಒಂದೆರಡರಲ್ಲಿ ತಾಯಿಗೆ ತೀವ್ರವಾದ ಮನೋವಿಕಲತೆ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಅಲ್ಲಿ ಯೋಚನೆಗೆ ತಾಯಿ ಹೆದರುವುದಿಲ್ಲ, ನಂಬುತ್ತಾಳೆ: ಮಗುವಿನಲ್ಲಿ ಏನೋ ಸೇರಿಕೊಂಡಿದೆ, ಯಾವುದೋ ಧ್ವನಿ ಆಜ್ಞೆ ಕೊಡುತ್ತಿದೆ. ನಮ್ಮವರಲ್ಲಿ ಅದು ದೇವರ ಧ್ವನಿ, ಸೈತಾನನ ಧ್ವನಿ ಎಂಬ ರೂಪ ತಾಳಿ, ಬಿಡುಗಡೆಯ ಪ್ರಾರ್ಥನೆಗೆ ಕರೆದುಕೊಂಡು ಹೋಗಿ ದಿನ ಕಳೆಯುವ ಅಪಾಯವಿದೆ. ಅದು ತುರ್ತು ಪರಿಸ್ಥಿತಿ, ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಒಂದೊಂದಾಗಿ ಕೇಳಿದೆ. ಯಾರಾದರೂ ಹೇಳಿದ ಹಾಗೆ ಕೇಳಿಸುತ್ತದಾ? ಮಗು ನಿನ್ನದಲ್ಲ ಅನ್ನಿಸುತ್ತದಾ? ಮಾಡೋಣ ಎಂದು ಯಾವತ್ತಾದರೂ ಅನ್ನಿಸಿದೆಯಾ? ಎಲ್ಲಕ್ಕೂ ಇಲ್ಲ. ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ? ತಲೆ ತಗ್ಗಿಸಿದಳು. "ಒಂದೆರಡು ಸಲ. ನಾನಿಲ್ಲದಿದ್ರೆ ಪಾಪಂಗೆ ಒಳ್ಳೇ ತಾಯಿ ಸಿಗಬಹುದು ಅಂತ."

ಅಲ್ಲೇ ಹೆರಿಗೆಯ ನಂತರದ ಖಿನ್ನತೆ ಅಳೆಯುವ, ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನ ತುಂಬಿಸಿದೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ, ಐದು ನಿಮಿಷ ಸಾಕು. 30ಕ್ಕೆ 19 ಬಂತು. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಮೂರನೇ ಪ್ರಶ್ನೆ, ಏನಾದರೂ ಎಡವಟ್ಟಾದರೆ ಕಾರಣವಿಲ್ಲದೆ ನನ್ನನ್ನೇ ದೂಷಿಸಿಕೊಂಡಿದ್ದೇನೆಯೇ ಎಂಬುದು. ಅದಕ್ಕೆ ಪೂರ್ತಿ ಅಂಕ. ಹತ್ತನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಅದರಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬಾರದು.

ಅಮ್ಮನಿಗೂ ಗಂಡನಿಗೂ ಅವಳ ಎದುರಿಗೇ, ಅವಳ ಒಪ್ಪಿಗೆಯಿಂದ ವಿಷಯ ತಿಳಿಸಿದೆ. ಅವಳನ್ನು ಒಂಟಿಯಾಗಿ ಬಿಡಬೇಡಿ ಅಂದೆ. ಆ ರಾತ್ರಿ ಎರಡು ಗಂಟೆಗೆ ಅವಳು ಎದ್ದು ಕೂತು ನಡುಗಲು ಶುರುಮಾಡಿದಾಗ ಗಂಡ 14416ಕ್ಕೆ ಕರೆ ಮಾಡಿದ. ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇರುವ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆ, ಉಚಿತ. ಆ ಕಡೆ ಕನ್ನಡದಲ್ಲೇ ಮಾತಾಡಿದರು. ಅರ್ಧ ಗಂಟೆ ಇಬ್ಬರನ್ನೂ ಮಾತಾಡಿಸಿ, ಬೆಳಗಾದ ಕೂಡಲೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದರು.

ಮಾತ್ರೆ, ನಿದ್ದೆ, ರೊಟ್ಟಿ

ಮನೋವೈದ್ಯರು ಹೆರಿಗೆಯ ನಂತರದ ಖಿನ್ನತೆ, ಜೊತೆಗೆ ಗೀಳಿನ ಯೋಚನೆ ಅಂದರು. ಹಿಮೋಗ್ಲೋಬಿನ್ 8.9 ಇತ್ತು, ಅದಕ್ಕೆ ಕಬ್ಬಿಣದ ಮಾತ್ರೆ. ಥೈರಾಯ್ಡ್ ಸರಿಯಿತ್ತು. ಖಿನ್ನತೆಗೆ ಸರ್ಟ್ರಲೀನ್ ಬರೆದರು. ಅದು ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಹಾಲೂಡಿಸುವ ತಾಯಂದಿರಿಗೆ ಮೊದಲು ಕೊಡುವ ಮಾತ್ರೆಗಳಲ್ಲಿ ಅದೊಂದು. ಕೆಲಸ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಚೇತರಿಸಿಕೊಂಡ ಮೇಲೂ ಕಡಿಮೆಯೆಂದರೆ ಆರು ತಿಂಗಳು ಬಿಡಬಾರದು ಎಂದು ಎರಡೆರಡು ಸಲ ಹೇಳಿದರು.

ಇದು ಅಪರೂಪದ ಕಾಯಿಲೆಯಲ್ಲ. ಭಾರತದ 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರ ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಅದರ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಜನಕ್ಕೆ ಇದು ಬರುತ್ತದೆ. ಮಿತಿಮೀರಿದ ಅಪರಾಧ ಭಾವ ಈ ಕಾಯಿಲೆಯ ಲಕ್ಷಣಗಳಲ್ಲೇ ಒಂದು, ನಿದ್ದೆ ಕೆಡುವ ಹಾಗೆ, ಹಸಿವು ಸಾಯುವ ಹಾಗೆ. ತಂಗಿಗೆ ಇದನ್ನು ಹೇಳಿದಾಗ "ಹಂಗಾದ್ರೆ ನನ್ನ ಮನಸ್ಸಾಕ್ಷಿಗೇ ಜ್ವರ ಬಂದಿದೆಯಾ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಮಾತ್ರೆಯನ್ನು ನುಂಗಿಸುವುದು ಮಾತ್ರ ಸುಲಭವಾಗಲಿಲ್ಲ. ವಿಶ್ವಾಸ ಇದ್ದವರಿಗೆ ಮನಸ್ಸಿನ ಮಾತ್ರೆ ಯಾಕೆ ಎಂದು ಅತ್ತೆ ಫೋನಿನಲ್ಲೇ ಅಂದರು. ಅದಕ್ಕೆ ಉತ್ತರ ಕೊಟ್ಟದ್ದು ತಂಗಿಯ ಅಪ್ಪ. ಹೆಚ್ಚು ಮಾತಾಡದ ಮನುಷ್ಯ. ಕೋಲಾರದಲ್ಲಿ ನೂರು ವರ್ಷದ ಹಿಂದೆ ಮೆಥೋಡಿಸ್ಟ್ ಮಿಷನ್‌ನವರು ಕಟ್ಟಿದ್ದು ಬರೀ ಗುಡಿಯನ್ನಲ್ಲ, ಇಟಿಸಿಎಂ ಆಸ್ಪತ್ರೆಯನ್ನೂ ಕಟ್ಟಿದರು, "ಪ್ರಾರ್ಥನೆ ಒಂದೇ ಸಾಕಾಗಿದ್ರೆ ಆ ದೊರೆಸಾನಿಯರು ಅಷ್ಟು ದೂರದಿಂದ ಔಷಧಿ ಪೆಟ್ಟಿಗೆ ಹೊತ್ಕೊಂಡ್ ಬರ್ತಿದ್ರಾ ಬೀಗಿತಿಯವ್ರೆ" ಅಂದರು. ಲೂಕನು ಸುವಾರ್ತೆ ಬರೆದವನೂ ಹೌದು, ವೈದ್ಯನೂ ಹೌದು ಎಂದು ನಾನು ಹೇಳಬೇಕೆಂದಿದ್ದೆ. ಅದು ಬೇಕಾಗಲಿಲ್ಲ.

ನಾನು ಆಮೇಲೆ ವಾಕ್ಯ ಹೇಳುವುದನ್ನು ಕೆಲವು ದಿನ ನಿಲ್ಲಿಸಿದೆ. ನನಗೆ ದಾರಿ ತೋರಿಸಿದ್ದು ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತ ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ, ಪಾಪ ಎತ್ತಿ ಆಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗುತ್ತಾನೆ. ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ. ದೇವರು ಅವನೊಡನೆ ಮಾತಾಡುವುದು ಇದೆಲ್ಲ ಆದ ಮೇಲೆ.

ನಾವೂ ಹಾಗೇ ಮಾಡಿದೆವು. ಶುಕ್ರವಾರದ ಉಪವಾಸ ನಿಂತಿತು. ಬಾಣಂತಿಗೆ ನೀರು ಹೆಚ್ಚು ಕೊಡಬಾರದೆಂಬ ಪಥ್ಯವನ್ನು ಅಮ್ಮ ಕೈಬಿಟ್ಟರು. ರಾತ್ರಿ ಹತ್ತರಿಂದ ಮೂರರವರೆಗೆ ಮಗು ಅವಳ ಕೋಣೆಯಲ್ಲಿ ಇರಬಾರದು ಎಂದು ತೀರ್ಮಾನವಾಯಿತು. ಆ ಹೊತ್ತಿನ ಹಾಲನ್ನು ರಜೆ ಹಾಕಿ ಬಂದ ಗಂಡ, ಅವನಿಲ್ಲದ ದಿನ ಅಮ್ಮ, ಒಳಲೆಯಲ್ಲಿ ಕುಡಿಸುತ್ತಿದ್ದರು. ಯಾವ ಡಬ್ಬಿ ಹಾಲಿಗೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಅದೇ ಅವಳಿಗೆ ಐದು ಗಂಟೆಯ ನಿದ್ದೆ ಕೊಟ್ಟಿತು. ಒಂದು ರಾತ್ರಿ ಅಮ್ಮ ಒಳಲೆ ತೊಳೆಯುತ್ತಾ ಸುಮ್ಮನೆ ಅಂದರಂತೆ: "ನಿಂಗೂ ಇದರಲ್ಲೇ ಹಸುವಿನ ಹಾಲು ಕುಡಿಸಿದ್ದು. ನಂಗೆ ಟೈಫಾಯಿಡ್ ಬಂದು ಎದೆ ಬತ್ತಿಹೋಗಿತ್ತು." ವರ್ಷ ತುಂಬದ ಮಗುವಿಗೆ ಹಸುವಿನ ಹಾಲು ಈಗ ಕೊಡಬಾರದು, ಅದು ಬೇರೆ ಮಾತು. 27 ವರ್ಷ ಆ ತಾಯಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಸಂಪಿಗೆ ವೈದ್ಯರು ಹೇಳಿದ ಉಪಾಯ ಬೇರೆಯೇ ಇತ್ತು. ಮುಚ್ಚಳಕ್ಕೆ ಚಿಲಕ ಹಾಕಿಸಿ, ಅದು ಮಕ್ಕಳಿರುವ ಎಲ್ಲ ಮನೆಗೂ ಬೇಕು. ಆದರೆ ಅದರಿಂದ ದೂರ ಓಡುವುದು ಬೇಡ. ಓಡಿದಷ್ಟೂ ಹೆದರಿಕೆ ಬೆಳೆಯುತ್ತದೆ. ಮೊದಲ ವಾರ ಹೊಸಲಿನ ತನಕ, ಅಮ್ಮನ ಜೊತೆ. ಆಮೇಲೆ ಅಂಗಳಕ್ಕೆ. ಐದನೇ ವಾರ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಸಂಪಿನ ಪಕ್ಕ ನಿಂತು, ಹಸುಗಳಿಗೆ ಮೇವು ಹಾಕುವುದನ್ನು ನೋಡಿದಳು. ಯೋಚನೆ ಬಂತಾ ಅಂದೆ. "ಬಂತು. ಬಂದು ಹೋಯ್ತು."

ಸಭಾಪಾಲಕರು ಓದಿದ ಪಟ್ಟಿ

ನಿದ್ದೆ ಬಂದ ಮೇಲೂ ಪಟ್ಟಿ ಹಾಗೇ ಇತ್ತು. ಅದನ್ನು ಸುಟ್ಟುಹಾಕು ಅಂದರೆ ಅವಳು ಒಪ್ಪುವವಳಲ್ಲ. ನಾನೂ ಹೇಳಲಿಲ್ಲ. ಎಲ್ಲವೂ ಕಾಯಿಲೆ, ನೀನು ಏನೂ ತಪ್ಪು ಮಾಡಿಲ್ಲ ಅನ್ನುವುದು ಸುಳ್ಳಾಗುತ್ತಿತ್ತು, ಅವಳಿಗೆ ಅದು ಗೊತ್ತಾಗಿಬಿಡುತ್ತಿತ್ತು. ಆ ಪಟ್ಟಿಯನ್ನು ತೆಗೆದುಕೊಳ್ಳುವ ಅಧಿಕಾರ ಅವಳ ಕಣ್ಣಿನಲ್ಲಿ ಇದ್ದದ್ದು ಒಬ್ಬರಿಗೇ. ಅವಳನ್ನು ಕೇಳಿ ಸಭಾಪಾಲಕರನ್ನು ಕರೆದೆ. ಮುಂಚೆಯೇ ಅವರಿಗೆ ವೈದ್ಯರು ಹೇಳಿದ್ದನ್ನೂ ತಿಳಿಸಿದ್ದೆ.

ಅವರು ಕೂತು ಪಟ್ಟಿಯನ್ನು ಎರಡು ಸಲ ಓದಿದರು. ಪೆನ್ನು ಕೇಳಿದರು. ಅಮ್ಮನಿಗೆ ಬೈದದ್ದು, ಅತ್ತೆಗೆ ಹೇಳಿದ ಸುಳ್ಳು, ಈ ಎರಡಕ್ಕೆ ಮಾತ್ರ ಗುರುತು ಹಾಕಿ, "ಇವೆರಡು ತಪ್ಪು. ಇವಕ್ಕೆ ಕ್ಷಮೆ ಇದೆ, ಇವತ್ತೇ ಇದೆ" ಅಂದರು. ಉಳಿದ ಹನ್ನೆರಡರ ಮೇಲೆ ಕೈಯಿಟ್ಟರು.

"ಇವಕ್ಕೆ ಕ್ಷಮೆ ಹೇಳೋ ಅಧಿಕಾರ ನನಗಿಲ್ಲಮ್ಮ. ಕ್ಷಮೆ ಇರೋದು ಪಾಪಕ್ಕೆ. ಇವು ಪಾಪ ಅಲ್ಲ."

ತಂಗಿ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು. ತಿಂಗಳುಗಟ್ಟಲೆ ಕೇಳಿದರೂ ಕ್ಷಮೆ ಯಾಕೆ ತಟ್ಟಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು. ಇಲ್ಲದ ಸಾಲವನ್ನು ದಿನಾ ತೀರಿಸಲು ಹೋಗುತ್ತಿದ್ದಳು, ರಸೀದಿ ಹೇಗೆ ಸಿಕ್ಕೀತು.

ಆಮೇಲೆ ಅವರು ಸಭೆಗೆ ಬಾರದ ಆರು ಭಾನುವಾರಗಳ ಸಾಲನ್ನು ತೋರಿಸಿ ಸತ್ಯವೇದದ ಹನ್ನಳ ಕಥೆ ನೆನಪಿಸಿದರು. ವರ್ಷ ವರ್ಷವೂ ಆರಾಧನೆಗೆ ಶೀಲೋವಿಗೆ ಹೋಗುತ್ತಿದ್ದ ಹನ್ನ, ಸಮುವೇಲ ಹುಟ್ಟಿದ ಮೇಲೆ ಹೋಗಲಿಲ್ಲ, ಮೊಲೆ ಬಿಡಿಸುವ ತನಕ ಮನೆಯಲ್ಲೇ ಇರುತ್ತೇನೆ ಅಂದಳು. ಗಂಡ ಎಲ್ಕಾನ ನಿನಗೆ ಸರಿ ಕಂಡ ಹಾಗೆ ಮಾಡು ಅಂದ. ಪ್ರಾರ್ಥನೆಗೆ ಮಾದರಿ ಎಂದು ನಾವು ಹೇಳುವ ಹೆಂಗಸು ಅವಳು. ಈ ಭಾಗದ ಮೇಲೆ ಪ್ರಸಂಗ ನಾನು ಒಂದೂ ಕೇಳಿಲ್ಲ.

ಗುರುತು ಹಾಕಿದ ಎರಡನ್ನು ತಂಗಿ ತಾನೇ ಮುಗಿಸಿದಳು. ಅಮ್ಮನ ಹತ್ತಿರ ಅವತ್ತೇ. ಅತ್ತೆಯ ಹತ್ತಿರ ಮೂರು ವಾರ ಬಿಟ್ಟು, ಮುಖಾಮುಖಿ. ಅತ್ತೆ ಸುಳ್ಳನ್ನು ಕ್ಷಮಿಸಿದೆ ಅಂದರು, ಡಬ್ಬಿ ಹಾಲನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಈಗ ಎಲ್ಲಿದ್ದಾಳೆ

ಮಾತ್ರೆ ಶುರುಮಾಡಿ ಎಂಟು ವಾರಕ್ಕೆ ಅದೇ ಮಾಪನದಲ್ಲಿ 7 ಬಂತು, ಹತ್ತನೇ ಪ್ರಶ್ನೆಗೆ ಸೊನ್ನೆ. ಹಾಲು ಸ್ವಲ್ಪ ಹೆಚ್ಚಿತು, ಪೂರ್ತಿ ಸಾಲಲಿಲ್ಲ, ಎರಡೂ ಕೊಟ್ಟಳು. ಐದನೇ ತಿಂಗಳಲ್ಲಿ ಒಂದು ವಾರ ಮಾತ್ರೆ ತಾನೇ ನಿಲ್ಲಿಸಿ ಮತ್ತೆ ನಿದ್ದೆಗೆಟ್ಟು ಆಸ್ಪತ್ರೆಗೆ ಹೋಗಬೇಕಾಯಿತು. ಮಗುವಿನ ಮೇಲೆ ಪ್ರೀತಿ ಯಾವಾಗ ಬಂತು ಎಂದು ಕೇಳಿದರೆ ದಿನ ಹೇಳಲು ಅವಳಿಗೆ ಬರುವುದಿಲ್ಲ. ಬಟ್ಟೆ ಮಡಚುವಾಗ ಮಗುವಿನ ಕುಲಾವಿ ಮೂಸಿ ನೋಡುತ್ತಿದ್ದೆ, ಯಾವಾಗಿಂದ ಅಂತ ಗೊತ್ತಿಲ್ಲ ಅಂದಳು.

ದೀಕ್ಷಾಸ್ನಾನ ಏಳನೇ ತಿಂಗಳಲ್ಲಿ ಆಯಿತು. ಬಿಳಿ ಗೌನು ಚಿಕ್ಕದಾಗಿ ಹೊಸದು ಹೊಲಿಸಬೇಕಾಯಿತು. ಬೆಳಿಗ್ಗೆ ರಾಗಿ ಸರಿ ತಿನ್ನಿಸಿ ಕರೆತಂದಿದ್ದಳು, ಮಗುವಿನ ಗಲ್ಲದ ಕೆಳಗೆ ಒಂದಿಷ್ಟು ಅಂಟಿಕೊಂಡಿತ್ತು. ವಾಗ್ದಾನದ ಪ್ರಶ್ನೆ ಬಂದಾಗ ಗಂಡ ಗಟ್ಟಿಯಾಗಿ ಉತ್ತರ ಕೊಟ್ಟ. ಅವಳ ದನಿ ನನಗೆ ಎರಡನೇ ಸಾಲಿನಲ್ಲಿ ಕೂತಿದ್ದರೂ ಕೇಳಲಿಲ್ಲ, ತುಟಿ ಆಡಿದ್ದು ಕಂಡಿತು: ದೇವರ ಸಹಾಯದಿಂದ ಮಾಡುತ್ತೇವೆ.

ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳುವಾಗ ಈಗ ನಾವು ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ತಾಯಿ ಮಗು ಇಬ್ಬರೂ ಉಳಿದರೆ ಹೆರಿಗೆ ಹೇಗೇ ಆಗಿರಲಿ ಕೃತಜ್ಞತಾಸ್ತುತಿ ಒಂದೇ. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದಿದ್ದ ಆ ಹಿರಿಯ ತಾಯಿಯೇ ಇದನ್ನು ಮೊದಲು ಹೇಳಿದ್ದು.

ಮೊನ್ನೆ ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದಿದ್ದಳು. ಹತ್ತು ಪ್ರಶ್ನೆಗಳ ಕನ್ನಡ ಹಾಳೆಯನ್ನು ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಟ್ಟೆ. ಅವಳು ಅದನ್ನು ಚೀಲದಲ್ಲಿ ತೂಕದ ಜೋಳಿಗೆಯ ಮೇಲೆ ಇಟ್ಟುಕೊಂಡಳು. ಮೊದಲು ಕೈಗೆ ಅದು ಸಿಗಲಿ ಅಂತ.